ಸದರ್ನ್ ಬ್ಯಾಪ್ಟಿಸ್ಟರು ಹೆಸರು ಬದಲಿಸಬೇಕಾ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ನಾನು ಪ್ರೊಟೆಸ್ಟೆಂಟ್ ಕ್ರೈಸ್ತರ ಒಂದು ಪಂಗಡವಾದ ಬ್ಯಾಪ್ಟಿಸ್ಟರ ಮನೆಯಲ್ಲಿ ಬೆಳೆದವಳು, ಸಭೆಗಳ, ಅಂದರೆ ಚರ್ಚುಗಳ ಚರಿತ್ರೆ ಓದುವವಳು ಅಂತ ಗೊತ್ತಿರುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ. ಅಮೆರಿಕದ ಬ್ಯಾಪ್ಟಿಸ್ಟ್ ಸಭೆಗಳ ಒಕ್ಕೂಟವಾದ ಸದರ್ನ್ ಬ್ಯಾಪ್ಟಿಸ್ಟ್ ಕನ್ವೆನ್ಷನ್ ತನ್ನ ಹೆಸರು ಬದಲಿಸಬೇಕಾ? ಕೇಳುವವರಲ್ಲಿ ಡಲ್ಲಾಸ್, ಅಟ್ಲಾಂಟಾ ಕಡೆ ಕೆಲಸಕ್ಕೆ ಹೋಗಿ ಅಲ್ಲಿನ ಸಭೆಗಳಿಗೆ ಸೇರಿಕೊಂಡ ನಮ್ಮವರೇ ಜಾಸ್ತಿ. ಬದಲಿಸಬೇಕು ಅನ್ನುವುದೇ ನನ್ನ ಉತ್ತರ. ಆದರೆ ಯಾಕೆ ಬದಲಿಸುತ್ತಿದ್ದೇವೆ ಅನ್ನುವುದನ್ನು ಬಾಯಿಬಿಟ್ಟು ಹೇಳಿ ಬದಲಿಸಬೇಕು. ಹಾಗೆ ಹೇಳುವುದಕ್ಕೆ ಮನಸ್ಸಿಲ್ಲದಿದ್ದರೆ ಹಳೆಯ ಹೆಸರೇ ಇರಲಿ.

'ಸದರ್ನ್' ಅಂದರೆ ಬರೀ ದಿಕ್ಕು, ಅದರಲ್ಲೇನಿದೆ ಅಂತ ಕೆಲವರು ಕೇಳುತ್ತಾರೆ. ಅದರಲ್ಲಿ ಬಹಳ ಇದೆ. 1814ರಲ್ಲಿ ಫಿಲಡೆಲ್ಫಿಯಾದಲ್ಲಿ ಕೂಡಿದ ಉತ್ತರ, ದಕ್ಷಿಣ ಎರಡೂ ಕಡೆಯ ಬ್ಯಾಪ್ಟಿಸ್ಟರು ಮಿಷನರಿಗಳನ್ನು ಒಟ್ಟಿಗೇ ಕಳಿಸತೊಡಗಿದ್ದರು. 1844ರಲ್ಲಿ ಜಾರ್ಜಿಯಾದವರು ಜೇಮ್ಸ್ ರೀವ್ ಎಂಬವರನ್ನು ಮಿಷನರಿಯಾಗಿ ನೇಮಿಸಿ ಅಂತ ಕೇಳಿದರು. ಆತನ ಬಳಿ ಗುಲಾಮರಿದ್ದರು. ಇದನ್ನು ಮುಚ್ಚಿಡಲಿಲ್ಲ, ಬೇಕಂತಲೇ ತಿಳಿಸಿದರು. ದೇಶದೊಳಗಿನ ಮಿಷನರಿಗಳನ್ನು ನೇಮಿಸುತ್ತಿದ್ದ ಹೋಮ್ ಮಿಷನ್ ಸೊಸೈಟಿ ಅರ್ಜಿಯನ್ನು ಕೈಗೆತ್ತಿಕೊಳ್ಳಲು ಒಪ್ಪಲಿಲ್ಲ. ಅಲಬಾಮಾದವರು ಬಾಸ್ಟನ್ನಿನಲ್ಲಿದ್ದ ವಿದೇಶಿ ಮಿಷನ್ ಮಂಡಳಿಗೆ ಪತ್ರ ಬರೆದು ಇದೇ ಪ್ರಶ್ನೆ ಕೇಳಿದರು. ಗುಲಾಮರನ್ನು ಇಟ್ಟುಕೊಂಡೇ ಇರುತ್ತೇನೆ ಅನ್ನುವವರನ್ನು ನಾವು ಕಳಿಸಲಾರೆವು ಅಂತ ಉತ್ತರ ಬಂತು. 1845ರ ಮೇ ತಿಂಗಳಲ್ಲಿ ದಕ್ಷಿಣದವರು ಜಾರ್ಜಿಯಾದ ಅಗಸ್ಟಾದಲ್ಲಿ ಸೇರಿ ಬೇರೆಯಾದರು. ಆ ಹೆಸರು ಹುಟ್ಟಿದ್ದು ಹೀಗೆ.

ಗುಲಾಮರ ಮಾಲೀಕನೂ ಸುವಾರ್ತೆ ಸಾರಲು ಹೋಗಬಹುದು ಅನ್ನುವ ಹಟ ಅದರ ಹಿಂದೆ ಇತ್ತು. ಇದು ವಿರೋಧಿಗಳು ಕಟ್ಟಿದ ಕಥೆಯಲ್ಲ. 1995ರಲ್ಲಿ ಅಟ್ಲಾಂಟಾದ ವಾರ್ಷಿಕ ಸಭೆಯಲ್ಲಿ ಕನ್ವೆನ್ಷನ್ ತಾನೇ ಠರಾವು ಮಾಡಿ, ತನ್ನ ಹುಟ್ಟಿನಲ್ಲಿ ಗುಲಾಮಗಿರಿಯ ಪಾತ್ರವಿತ್ತು ಅಂತ ಒಪ್ಪಿಕೊಂಡು ಕಪ್ಪು ಜನರ ಕ್ಷಮೆ ಕೇಳಿತು. 2018ರಲ್ಲಿ ಲೂಯಿವಿಲ್‌ನಲ್ಲಿರುವ, ಪಾಸ್ಟರುಗಳನ್ನು ತಯಾರು ಮಾಡುವ ಅವರ ಸೆಮಿನರಿ ತನ್ನ ಚರಿತ್ರೆಯನ್ನು ತಾನೇ ಕೆದಕಿ ವರದಿ ಕೊಟ್ಟಿತು. ಅದನ್ನು ಸ್ಥಾಪಿಸಿದ ನಾಲ್ವರ ಬಳಿಯೂ ಗುಲಾಮರಿದ್ದರು, ಒಟ್ಟು 50ಕ್ಕೂ ಹೆಚ್ಚು ಮನುಷ್ಯರು. ಇಷ್ಟನ್ನು ಬರೆದು ಒಪ್ಪಿಕೊಂಡ ಮೇಲೂ ಅದೇ ಹೆಸರನ್ನು ಯಾಕೆ ಹೊರಬೇಕು?

ಅವರಿಗೂ ಈ ಯೋಚನೆ ಬಾರದೆ ಇಲ್ಲ. ಹೆಸರು ಬದಲಿಸುವ ಮಾತು 20ನೇ ಶತಮಾನದ ಶುರುವಿನಿಂದಲೂ ಎದ್ದು ಎದ್ದು ಬಿದ್ದಿದೆ. 2011ರಲ್ಲಿ ಅಧ್ಯಕ್ಷ ಬ್ರಯಂಟ್ ರೈಟ್ ಒಂದು ಸಮಿತಿ ಮಾಡಿದರು. ಕಾನೂನಿನ ಹೆಸರು ಹಾಗೇ ಇರಲಿ, ಬೇಕಾದವರು 'ಗ್ರೇಟ್ ಕಮಿಷನ್ ಬ್ಯಾಪ್ಟಿಸ್ಟ್ಸ್' ಅಂತಲೂ ಕರೆದುಕೊಳ್ಳಲಿ ಅಂತ ಸಮಿತಿ ಹೇಳಿತು. ಎಲ್ಲ ಜನಾಂಗಗಳನ್ನು ಶಿಷ್ಯರನ್ನಾಗಿ ಮಾಡಿರಿ ಎಂದು ಮತ್ತಾಯನ ಸುವಾರ್ತೆಯ ಕೊನೆಯಲ್ಲಿ ಯೇಸು ಕೊಡುವ ಅಪ್ಪಣೆ ಇದೆಯಲ್ಲ, ಅದರಿಂದ ತೆಗೆದುಕೊಂಡ ಹೆಸರು. 2012ರಲ್ಲಿ ನ್ಯೂ ಆರ್ಲಿಯನ್ಸ್‌ನ ವಾರ್ಷಿಕ ಸಭೆಯಲ್ಲಿ ಇದಕ್ಕೆ ಸುಮಾರು ಶೇಕಡ 53ರಷ್ಟು ಮತ ಬಿತ್ತು. ಅದೇ ಸಭೆ ಫ್ರೆಡ್ ಲೂಟರ್ ಅವರನ್ನು ಅಧ್ಯಕ್ಷರನ್ನಾಗಿ ಆರಿಸಿತು. ಕಪ್ಪು ಜನಾಂಗದವರೊಬ್ಬರು ಆ ಸ್ಥಾನಕ್ಕೆ ಬಂದದ್ದು ಅದೇ ಮೊದಲು. 2020ರಲ್ಲಿ ಅಧ್ಯಕ್ಷರಾಗಿದ್ದ ಜೆ. ಡಿ. ಗ್ರೀರ್ ಈ ಎರಡನೇ ಹೆಸರನ್ನೇ ಜಾಸ್ತಿ ಬಳಸಿ ಅಂತ ಎಲ್ಲರನ್ನೂ ಒತ್ತಾಯಿಸಿದರು.

ನನ್ನ ತಕರಾರು ಈ ಅರ್ಧ ದಾರಿಯ ಬಗ್ಗೆಯೇ. ಕಾಗದಪತ್ರದಲ್ಲಿ ಒಂದು ಹೆಸರು, ಬೋರ್ಡಿನ ಮೇಲೆ ಇನ್ನೊಂದು. ಹಳೆಯ ಹೆಸರು ಇಷ್ಟ ಇರುವವರ ಮುಂದೆ ಅದು, ಮುಜುಗರ ಪಡುವವರ ಮುಂದೆ ಇದು. ಹೀಗಾದರೆ ಯಾಕೆ ಬದಲಾಯಿತು ಅಂತ ಯಾರೂ ಯಾರಿಗೂ ಹೇಳಬೇಕಾಗಿಯೇ ಬರುವುದಿಲ್ಲ. ಅಜ್ಜ ಅಜ್ಜಿಯರು ಗುಲಾಮಗಿರಿಯ ಕಥೆ ಕೇಳಿ ಬೆಳೆದ ಒಬ್ಬ ಕಪ್ಪು ಪಾಸ್ಟರ್ ತನ್ನ ಸಭೆಯನ್ನು ಈ ಒಕ್ಕೂಟಕ್ಕೆ ಸೇರಿಸುವಾಗ, ಅವನಿಗೆ ಬೇಕಾದದ್ದು ಆಯ್ಕೆಗೆ ಬಿಟ್ಟ ಅಡ್ಡಹೆಸರಲ್ಲ.

ಹಳೆಯ ಹೆಸರು ಬೇಕು ಅನ್ನುವವರ ಮಾತನ್ನೂ ನಾನು ಹಗುರಾಗಿ ತೆಗೆದುಕೊಳ್ಳುವುದಿಲ್ಲ. ಚಂಡಮಾರುತ ಬಂದು ಹೋದ ಊರಿಗೆ ಹಳದಿ ಅಂಗಿ ತೊಟ್ಟು ಬಂದು, ಬಿದ್ದ ಮರ ಕಡಿದು, ಸಾವಿರಾರು ಜನರಿಗೆ ಅಡುಗೆ ಮಾಡಿ ಬಡಿಸುವವರು ಸದರ್ನ್ ಬ್ಯಾಪ್ಟಿಸ್ಟರು ಅಂತಲೇ ಅಲ್ಲಿನವರಿಗೆ ಗೊತ್ತು. ಚೀನಾದಲ್ಲಿ ಸುಮಾರು 40 ವರ್ಷ ಸೇವೆ ಮಾಡಿದ ಮಿಷನರಿ ಲಾಟಿ ಮೂನ್ ಹೆಸರಿನಲ್ಲಿ ಪ್ರತಿ ಕ್ರಿಸ್‌ಮಸ್‌ಗೆ ಕಾಣಿಕೆ ಹಾಕುತ್ತಾ ಬಂದ ಅಜ್ಜಿಗೆ ಆ ಹೆಸರು ಮನೆಯ ಹೆಸರಿದ್ದ ಹಾಗೆ. ಅದನ್ನು ಕಿತ್ತುಕೊಂಡರೆ ಅವರಿಗೆ ನೋವಾಗುತ್ತದೆ, ನಿಜ.

ಆದರೆ ಹೆಸರು ಹೋದರೆ ನೆನಪೂ ಹೋಗುತ್ತದಾ? ನಮ್ಮಲ್ಲೇ ನೋಡಿ. 1947ರಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್ಐ ಹುಟ್ಟಿದಾಗ ಮೈಸೂರು, ಬೆಂಗಳೂರು ಕಡೆಯ ವೆಸ್ಲಿಯನ್ (ಮೆಥಡಿಸ್ಟ್) ಸಭೆಗಳು ತಮ್ಮ ಹಳೆಯ ಹೆಸರು ಬಿಟ್ಟು ಅದರಲ್ಲಿ ಸೇರಿದವು. ಬೇರೆ ಬೇರೆ ಮಿಷನ್ನುಗಳು ತಂದ ಗೋಡೆ ಬೇಡ, ಒಂದಾಗೋಣ ಅನ್ನುವ ಕಾರಣ ಎಲ್ಲರಿಗೂ ಗೊತ್ತಿತ್ತು. ಮೈಸೂರಿನಲ್ಲಿ ವೆಸ್ಲಿ ಹೆಸರು ಇವತ್ತಿಗೂ ಚರ್ಚಿನ ಮೇಲಿದೆ. ಅಮೆರಿಕದ ಉತ್ತರದ ಬ್ಯಾಪ್ಟಿಸ್ಟರೂ 1950ರಲ್ಲಿ 'ನಾರ್ದರ್ನ್' ಬಿಟ್ಟು 'ಅಮೆರಿಕನ್' ಅಂತ ಮಾಡಿಕೊಂಡರು. ದಕ್ಷಿಣದವರೂ ತಮ್ಮ ಫಾರಿನ್ ಮಿಷನ್ ಬೋರ್ಡನ್ನು 1997ರಲ್ಲಿ ಇಂಟರ್‌ನ್ಯಾಷನಲ್ ಮಿಷನ್ ಬೋರ್ಡ್ ಮಾಡಿದರು. ಬೆಂಗಳೂರಿನ ಹೆಬ್ಬಾಳದಲ್ಲಿ 1973ರಲ್ಲಿ ಆಸ್ಪತ್ರೆ ತೆರೆದವರೂ ಇವರೇ. ಅದಕ್ಕೆ ಬ್ಯಾಪ್ಟಿಸ್ಟ್ ಆಸ್ಪತ್ರೆ ಅಂತಲೇ ಹೆಸರಾಯಿತು, 'ಸದರ್ನ್' ಸೇರಿಸಲಿಲ್ಲ. ಈಗಂತೂ ಅವರ ಸಭೆಗಳು ಅಮೆರಿಕದ ಐವತ್ತೂ ರಾಜ್ಯಗಳಲ್ಲಿವೆ.

ಇನ್ನೊಂದು ಆಕ್ಷೇಪ ನನಗೆ ಹೆಚ್ಚು ಗಟ್ಟಿ ಅನ್ನಿಸುತ್ತದೆ. ಲೈಂಗಿಕ ದೌರ್ಜನ್ಯದ ದೂರುಗಳನ್ನು ಮುಖಂಡರು ಹೇಗೆ ನಿಭಾಯಿಸಿದರು ಎಂಬ ತನಿಖಾ ವರದಿ 2022ರಲ್ಲಿ ಹೊರಬಂತು. ನೊಂದವರನ್ನು ವರ್ಷಗಟ್ಟಲೆ ದೂರವಿಟ್ಟದ್ದು, ಆರೋಪಿಗಳ ಪಟ್ಟಿಯನ್ನು ಒಳಗೊಳಗೇ ಇಟ್ಟುಕೊಂಡದ್ದು ಎಲ್ಲ ಅದರಲ್ಲಿತ್ತು. ಈಗ ಹೆಸರು ಬದಲಿಸಿದರೆ ತಪ್ಪಿಸಿಕೊಳ್ಳುತ್ತಿದ್ದಾರೆ ಅಂತ ನೊಂದವರಿಗೆ ಅನ್ನಿಸದೆ ಇರುತ್ತದಾ? ಅದಕ್ಕೇ ಕಾರಣವನ್ನು ಬರೆದಿಡಿ ಅಂತ ನಾನು ಹೇಳುವುದು. ಹೊಸ ಹೆಸರು ಬರುವ ಠರಾವಿನಲ್ಲೇ 1845ರಲ್ಲಿ ಏನಾಯಿತು ಅಂತ ಇರಬೇಕು. ಪ್ರತಿ ಕಾಗದದಲ್ಲೂ ಹಿಂದಿನ ಹೆಸರು ಕಾಣಬೇಕು. ದೂರು, ಪರಿಹಾರ, ಹೊಣೆ ಯಾವುದೂ ಹಳೆಯ ಹೆಸರಿನ ಜೊತೆ ಮಣ್ಣಾಗಬಾರದು.

ಇದು ಸುಲಭ ಅಲ್ಲ. ಹೆಸರು ಬದಲಿಸಬೇಕಾದರೆ ಕನ್ವೆನ್ಷನ್ನಿನ ಸಂವಿಧಾನ ತಿದ್ದಬೇಕು, ಅದಕ್ಕೆ ಬೆನ್ನು ಬೆನ್ನಿಗೆ ಎರಡು ವಾರ್ಷಿಕ ಸಭೆಗಳಲ್ಲಿ ಮೂರನೇ ಎರಡರಷ್ಟು ಮತ ಬೇಕು. 2012ರ ಮತ ಅದರ ಹತ್ತಿರಕ್ಕೂ ಬರಲಿಲ್ಲ. ಆದರೆ ಅಲ್ಲಿ ಮತ ಹಾಕುವವರು ಬಿಷಪ್ಪರಲ್ಲ, ಸ್ಥಳೀಯ ಸಭೆಗಳು ಕಳಿಸುವ 'ಮೆಸೆಂಜರ್'ಗಳು. ಅವರಲ್ಲಿ ಯಾರು ಬೇಕಾದರೂ ಎದ್ದು ನಿಂತು ಪ್ರಸ್ತಾಪ ಇಡಬಹುದು. ಅದಕ್ಕೇ ಡಲ್ಲಾಸ್‌ನಿಂದ ಫೋನ್ ಮಾಡಿ ಕೇಳುವವರಿಗೆ ನಾನು ತಿರುಗಿ ಕೇಳುತ್ತೇನೆ: ಈ ಜೂನ್‌ನ ವಾರ್ಷಿಕ ಸಭೆಗೆ ನಿಮ್ಮ ಚರ್ಚಿನಿಂದ ಯಾರು ಹೋಗುತ್ತಿದ್ದಾರೆ, ಅವರ ಹತ್ತಿರ ಈ ವಿಷಯ ಮಾತಾಡಿದ್ದೀರಾ?