ಗೇಫೀಲ್ಡಿನ ಗಾಳಿ

ಬಿ.ಎಸ್‌ಸಿ. ಎರಡನೇ ವರ್ಷದಲ್ಲಿದ್ದಾಗ ಅಂತರ ಕಾಲೇಜು ಫುಟ್‌ಬಾಲ್‌ನಲ್ಲಿ ನಾವು 9–0 ಸೋತೆವು. ಗೋಲ್‌ಕೀಪರ್ ನಾನೇ. ಕಾರವಾರಕ್ಕೆ ಮರಳುವ ಬಸ್ಸಿನಲ್ಲಿ ಯಾರ ಬಾಯಲ್ಲೂ ಮಾತಿಲ್ಲ. ಅಂಕೋಲೆ ದಾಟಿದ ಮೇಲೆ ನಮ್ಮ ಆಟದ ಮೇಷ್ಟ್ರು ಪಿ.ಡಿ. ಸರ್ ಎದ್ದು ಬಂದು ನನ್ನ ಪಕ್ಕ ಕುಳಿತರು.

“ಸ್ಕಾಟ್ಲೆಂಡಿನಲ್ಲಿ ಆರ್‌ಬ್ರೋತ್ ಅಂತ ಒಂದು ಊರಿದೆ. ಅಲ್ಲಿಗೆ ಆಡಲು ಹೋದ ತಂಡವೊಂದು 36–0 ಸೋತಿತ್ತು. ಆದರೂ ಸೀಟಿ ಊದುವವರೆಗೆ ಮೈದಾನ ಬಿಡಲಿಲ್ಲ ನೋಡು” ಅಂದರು. ಅಷ್ಟೇ ಹೇಳಿ ತಮ್ಮ ಸೀಟಿಗೆ ಹೋದರು.

ಆ ಊರಿನ ಹೆಸರು ಮನಸ್ಸಿನಲ್ಲಿ ಉಳಿದುಬಿಟ್ಟಿತು. 2021ರಲ್ಲಿ ಎಂ.ಎಸ್‌ಸಿ. ಓದಲು ಡಂಡೀ ನಗರಕ್ಕೆ ಹೋದಾಗ, ರೈಲು ನಿಲ್ದಾಣದ ಫಲಕದಲ್ಲಿ ಅದೇ ಹೆಸರು ಕಾಣಿಸಿತು. ಇಪ್ಪತ್ತು ನಿಮಿಷದ ದಾರಿ. ಮುಂದಿನ ಶನಿವಾರವೇ ಹೊರಟೆ.

ಆರ್‌ಬ್ರೋತ್ ಕ್ಲಬ್ಬಿನ ಗೇಫೀಲ್ಡ್ ಮೈದಾನದ ಗೋಡೆಯ ಆಚೆಗೆ ಉತ್ತರ ಸಮುದ್ರ. ದೊಡ್ಡ ಉಬ್ಬರದ ದಿನ ಅಲೆ ಒಡೆದು ಉಪ್ಪುನೀರು ಗೋಡೆ ಹಾರಿ ಒಳಗೆ ಬೀಳುತ್ತದೆ. ಕಡಲ ದಂಡೆಯಲ್ಲೇ ಆಡಿ ಬೆಳೆದ ನನಗೂ ಆ ಗಾಳಿ ಹೊಸದು. ಗೋಲ್‌ಕೀಪರ್ ಎತ್ತಿ ಒದ್ದ ಚೆಂಡು ನಡು ಆಕಾಶದಲ್ಲಿ ನಿಂತು, ತಿರುಗಿ ಅವನ ಕಡೆಗೇ ಬರುವುದನ್ನು ಕಣ್ಣಾರೆ ಕಂಡೆ. ಅರ್ಧ ಆಟ ಮುಗಿದಾಗ ನಿಂತು ನೋಡುವ ಜನ ಮೈದಾನದ ಇನ್ನೊಂದು ತುದಿಗೆ ನಡೆಯುತ್ತಾರೆ, ತಮ್ಮವರು ಗೋಲು ಹೊಡೆಯುವ ಕಡೆಗೆ. ನಾನೂ ಅವರ ಹಿಂದೆ ಹೋದೆ.

ಕ್ಲಬ್ಬು ಹುಟ್ಟಿದ್ದು 1878ರಲ್ಲಿ. ಊರಿನವರು ಅದನ್ನು ‘ರೆಡ್ ಲಿಕ್ಟೀಸ್’ ಎನ್ನುತ್ತಾರೆ. ಕತ್ತಲಲ್ಲಿ ಮೀನುದೋಣಿಗಳಿಗೆ ಬಂದರಿನ ದಾರಿ ತೋರಿಸುತ್ತಿದ್ದ ಕೆಂಪು ದೀಪದಿಂದ ಬಂದ ಹೆಸರು. ಕಡಲಿಗೆ ಹೋದವರು ಮರಳಿ ಬರಲೆಂದು ದೀಪ ಹಚ್ಚಿಟ್ಟು ಕಾಯುವುದೇನೆಂದು ಕಾರವಾರದ ನಮ್ಮ ಮೀನುಗಾರರ ಕೇರಿ ಬೈತಖೋಲದ ಮನೆಗಳಿಗೆ ಬಿಡಿಸಿ ಹೇಳಬೇಕಿಲ್ಲ. ಅಲ್ಲಿನ ಸ್ಮೋಕೀ ಎಂಬ ಮೀನನ್ನೂ ತಿಂದೆ: ಹ್ಯಾಡಕ್ ಮೀನುಗಳನ್ನು ಎರಡೆರಡಾಗಿ ಬಾಲಕ್ಕೆ ಬಾಲ ಕಟ್ಟಿ, ಕಟ್ಟಿಗೆಯ ಹೊಗೆಯಲ್ಲಿ ಬೇಯಿಸಿದ್ದು.

ಸರ್ ಹೇಳಿದ ಆಟ ನಡೆದದ್ದು 1885ರ ಸೆಪ್ಟೆಂಬರ್ 12ರಂದು, ಸ್ಕಾಟಿಷ್ ಕಪ್ಪಿನ ಮೊದಲ ಸುತ್ತಿನಲ್ಲಿ. ಎದುರಾಳಿ ಅಬರ್ಡೀನಿನ ಬಾನ್ ಅಕಾರ್ಡ್. ಅರ್ಧಕ್ಕೆ 15–0, ಮುಗಿಯುವಾಗ 36–0. ಜಾನ್ ಪೆಟ್ರಿ ಎಂಬ ಹುಡುಗನೊಬ್ಬನದೇ 13 ಗೋಲು. ಗೋಲಿಗೆ ಆಗಿನ್ನೂ ಬಲೆ ಕಟ್ಟುತ್ತಿರಲಿಲ್ಲ. ಪ್ರತಿ ಗೋಲಿಗೂ ಚೆಂಡು ಹಿಂದೆ ಎಲ್ಲೋ ಉರುಳಿ ಹೋಗಿ, ಅದನ್ನು ಹುಡುಕಿ ತರಬೇಕಿತ್ತು. ಆರ್‌ಬ್ರೋತ್ ಕೀಪರನಿಗೆ ಚೆಂಡು ಮುಟ್ಟುವ ಕೆಲಸವೇ ಬರಲಿಲ್ಲ, ಮಳೆಗೆ ಕೊಡೆ ಹಿಡಿದು ನಿಂತಿದ್ದ ಎಂದು ಊರಿನಲ್ಲಿ ಇಂದಿಗೂ ಹೇಳುತ್ತಾರೆ. ಅದೇ ದಿನ ಡಂಡೀಯಲ್ಲಿ ಹಾರ್ಪ್ ಎಂಬ ತಂಡ 35–0 ಗೆದ್ದಿತ್ತು. ಒಂದೇ ಗೋಲಿನಿಂದ ಆ ದಾಖಲೆ ಕೈತಪ್ಪಿತು.

ನನ್ನ ಮನಸ್ಸು ಮಾತ್ರ ಬಾನ್ ಅಕಾರ್ಡಿನವರ ಗೋಲುಕಂಬಗಳ ಬಳಿಯೇ ನಿಲ್ಲುತ್ತದೆ. ಮೂವತ್ತಾರು ಸಲ ಚೆಂಡು ತಂದು ನಡುಗೆರೆಯಲ್ಲಿ ಇಟ್ಟು, ಮತ್ತೆ ಆಟ ಶುರು ಮಾಡಿದವರು ಅವರು. ಒಂಬತ್ತು ಸಲ ಅದೇ ಕೆಲಸ ಮಾಡಿದವನಿಗೆ ಅದರ ಭಾರ ಗೊತ್ತು.

ನಾನು ಅಲ್ಲಿದ್ದ ವರ್ಷ ಆ ಕ್ಲಬ್ಬಿಗೆ ಬಂಗಾರದಂಥ ವರ್ಷ. ಡಿಕ್ ಕ್ಯಾಂಬೆಲ್ 2016ರಲ್ಲಿ ತರಬೇತುದಾರರಾಗಿ ಬಂದಾಗ ತಂಡ ನಾಲ್ಕನೇ ದರ್ಜೆಯಲ್ಲಿತ್ತು. 2017ರಲ್ಲಿ ಮೂರನೆಯದಕ್ಕೆ, 2019ರಲ್ಲಿ ಎರಡನೆಯದಕ್ಕೆ ಏರಿತು. ಆಟಗಾರರಲ್ಲಿ ಹೆಚ್ಚಿನವರು ಹಗಲು ಬೇರೆ ಕೆಲಸವಿದ್ದವರು, ಸಂಜೆ ಬಂದು ಅಭ್ಯಾಸ ಮಾಡುವವರು. ಅಂಥವರು, ಪೂರ್ಣಾವಧಿ ಸಂಬಳದ ತಂಡಗಳನ್ನು ಹಿಂದೆ ಹಾಕಿ ತಿಂಗಳುಗಟ್ಟಲೆ ಪಟ್ಟಿಯ ತಲೆಯಲ್ಲಿ ನಿಂತರು. ಸುಮಾರು 24 ಸಾವಿರ ಜನರ ಊರು ಸ್ಕಾಟ್ಲೆಂಡಿನ ಮೊದಲ ದರ್ಜೆಯ ಬಾಗಿಲಿಗೆ ಬಂದಿತ್ತು.

2022ರ ಏಪ್ರಿಲ್ 22ರಂದು, ಪ್ರಶಸ್ತಿಗೆ ಪೈಪೋಟಿಯಲ್ಲಿದ್ದ ಕಿಲ್ಮಾರ್ನಕ್ ತಂಡದ ಊರಿನಲ್ಲಿ ಮೊದಲ ಗೋಲು ನಮ್ಮದು. (ನಮ್ಮದು ಅಂತಲೇ ಬರೆಯುತ್ತೇನೆ.) ಕೊನೆಗಳಿಗೆಯಲ್ಲಿ ಅವರು ಇನ್ನೊಂದು ಗೋಲು ಹೊಡೆದು 2–1 ಗೆದ್ದರು, ಪ್ರಶಸ್ತಿಯೂ ಅವರದಾಯಿತು. ಉಳಿದದ್ದು ಪ್ಲೇಆಫ್, ಅಂದರೆ ಮೇಲಿನ ದರ್ಜೆಗೆ ಏರಲು ಇದ್ದ ಕೊನೆಯ ಅವಕಾಶದ ಆಟಗಳು. ಇನ್ವರ್ನೆಸ್ ಎದುರು ಎರಡು ಆಟಗಳಲ್ಲೂ ಗೋಲಿಲ್ಲ. ಮೇ ತಿಂಗಳ ಆ ಸಂಜೆ ಗೇಫೀಲ್ಡ್‌ನಲ್ಲಿ ಪೆನಾಲ್ಟಿಗಳಲ್ಲಿ ಸೋತೆವು. ಪಕ್ಕದಲ್ಲಿ ನಿಂತಿದ್ದ ಅಜ್ಜ ಕೆಂಪು ಮಫ್ಲರಿನಿಂದ ಕಣ್ಣೊರೆಸಿಕೊಂಡು, ಆಟಗಾರರೆಲ್ಲ ಒಳಗೆ ಹೋಗುವವರೆಗೂ ಚಪ್ಪಾಳೆ ತಟ್ಟುತ್ತಲೇ ಇದ್ದರು. ನನಗೂ ಅಲ್ಲಿಂದ ಹೊರಡಲು ಮನಸ್ಸಾಗಲಿಲ್ಲ.

ಆ ರಾತ್ರಿ ಪಿ.ಡಿ. ಸರ್‌ಗೆ ಮೈದಾನದ ಒಂದು ಫೋಟೋ ಕಳಿಸಿದೆ. ಅವರು ನಿವೃತ್ತರಾಗಿ ವರ್ಷಗಳಾಗಿದ್ದವು. ಕಾಲೇಜಿನ ದಿನಗಳಲ್ಲಿ ಟಾಗೋರ್ ಕಡಲತೀರದಲ್ಲಿ ಅಭ್ಯಾಸಕ್ಕೆ ಮುನ್ನ ಅವರು ಒಂದು ಹಿಡಿ ಮರಳು ಎತ್ತಿ ತೂರುತ್ತಿದ್ದರು. ಅದು ಬಿದ್ದ ಕಡೆ ನೋಡಿಯೇ ನಮ್ಮನ್ನು ನಿಲ್ಲಿಸುತ್ತಿದ್ದರು. ಬೆಳಿಗ್ಗೆ ಎದ್ದು ನೋಡಿದರೆ ಅವರ ಉತ್ತರ ಬಂದಿತ್ತು. ಗೆದ್ದವರು ಯಾರು ಎಂದು ಕೇಳಿರಲಿಲ್ಲ.

“ಗಾಳಿ ಯಾವ ಕಡೆಯಿಂದ ಇತ್ತು?”

“ಸಮುದ್ರದ ಕಡೆಯಿಂದ, ಸರ್” ಎಂದು ಬರೆದೆ.