ಹಳೇ ಗೇರ್ ಸೈಕಲ್‌ನಲ್ಲಿ ತಲಕಾವೇರಿಗೆ ಹೊರಡುವವರಿಗೆ

ಕುಶಾಲನಗರದಿಂದ ಮಡಿಕೇರಿ, ಅಲ್ಲಿಂದ ಭಾಗಮಂಡಲ, ಕೊನೆಗೆ ತಲಕಾವೇರಿ. ಹಳೇ ಮೌಂಟನ್ ಬೈಕ್ ಇದ್ದರೂ ಈ ದಾರಿಗೆ ಧಾರಾಳವಾಗಿ ಹೊರಡಬಹುದು. ನಾನು ಮತ್ತು ನನ್ನ ಗೆಳೆಯ ಹೋಗಿ ಬಂದದ್ದು ಅಂಥ ಸೈಕಲ್‌ಗಳಲ್ಲೇ. ಆದರೆ ಟೈರು, ಬ್ರೇಕು ನೋಡುವಷ್ಟೇ ಶ್ರದ್ಧೆಯಿಂದ ಗೇರ್ ಶಿಫ್ಟರ್‌ಗಳನ್ನೂ, ಅಂದರೆ ಹ್ಯಾಂಡಲ್ ಮೇಲೆ ಬೆರಳಿನಿಂದ ಒತ್ತಿ ಗೇರ್ ಬದಲಿಸುವ ಲಿವರ್‌ಗಳನ್ನೂ, ನೋಡಿಕೊಳ್ಳಿ. ಕೊಡಗಿನಲ್ಲಿ ಸಪಾಟು ರಸ್ತೆ ಕಡಿಮೆ. ಏರು, ಇಳಿಜಾರು, ತಿರುವು, ಮತ್ತೆ ಏರು. ಹೆಬ್ಬೆರಳಿಗೆ ಬಿಡುವೇ ಇರುವುದಿಲ್ಲ.

ಸುಂಟಿಕೊಪ್ಪ ದಾಟಿ ಮಡಿಕೇರಿ ಹತ್ತುವ ತನಕ ನಮಗೆ ಏನೂ ತೊಂದರೆ ಆಗಲಿಲ್ಲ. ಮರುದಿನ ಬೆಳಿಗ್ಗೆ, ಮಂಜು ಇನ್ನೂ ಕರಗದ ಹೊತ್ತಲ್ಲಿ, ಗೆಳೆಯನ ಬಲಗಡೆ ಶಿಫ್ಟರ್ ಕೈಕೊಟ್ಟಿತು. ಲಿವರ್ ಒತ್ತಿದರೆ ಸುಮ್ನೆ ಒಳಗೆ ಹೋಗುತ್ತದೆ, ‘ಟಕ್’ ಅನ್ನುವುದೇ ಇಲ್ಲ. ಚೈನು ಇದ್ದಲ್ಲೇ ಇದೆ. “ಹೊಸ ಶಿಫ್ಟರ್ ಈಗ ಎಲ್ಲಿ ಸಿಗುತ್ತೋ ಮಾರಾಯ” ಅಂದ. ಹೊಸದು ಬೇಕಾಗಿಯೇ ಇರಲಿಲ್ಲ.

ಹಳೇ ಶಿಫ್ಟರ್‌ಗಳಲ್ಲಿ ಸಾಮಾನ್ಯವಾಗಿ ಆಗುವುದು ಇದೇ. ಒಳಗೆ ಹಲ್ಲಿನ ಚಕ್ರಕ್ಕೆ ಕಚ್ಚಿಕೊಳ್ಳುವ ಪುಟ್ಟ ಕೊಕ್ಕೆ ಇರುತ್ತದೆ. ಅದನ್ನು ಒತ್ತಿ ಹಿಡಿಯುವುದು ಕೂದಲೆಳೆಯಂಥ ಸ್ಪ್ರಿಂಗ್. ವರ್ಷಗಟ್ಟಲೆ ನಿಂತ ಗ್ರೀಸ್ ಅಂಟಿನ ಹಾಗೆ ಗಟ್ಟಿಯಾದರೆ ಸ್ಪ್ರಿಂಗ್‌ಗೆ ಕೊಕ್ಕೆಯನ್ನು ತಳ್ಳುವ ಶಕ್ತಿ ಸಾಲುವುದಿಲ್ಲ. ಚಳಿಗೆ ಗ್ರೀಸ್ ಇನ್ನೂ ಬಿಗಿಯುತ್ತದೆ. ಅದಕ್ಕೇ ಮಧ್ಯಾಹ್ನ ಸರಿ ಇದ್ದದ್ದು ಮಡಿಕೇರಿಯ ಬೆಳಿಗ್ಗೆ ಕೆಟ್ಟಂತೆ ಕಾಣುತ್ತದೆ.

ಮೊದಲು ಚೈನನ್ನು ಹಿಂದಿನ ಅತಿ ಚಿಕ್ಕ ಹಲ್ಲುಚಕ್ರಕ್ಕೆ ತನ್ನಿ, ಕೇಬಲ್ ಸಡಿಲವಾಗುತ್ತದೆ. ಶಿಫ್ಟರಿನ ಮುಚ್ಚಳದ ಸಣ್ಣ ಸ್ಕ್ರೂ ಬಿಚ್ಚಿ, ಕಳೆಯದಂತೆ ಜೇಬಿಗೆ ಹಾಕಿಕೊಳ್ಳಿ. ಸ್ಪ್ರೇ ಡಬ್ಬಿಯ ಕೊಳವೆ ಒಳಗೆ ತೂರಿಸಿ, ತುಕ್ಕು ಜಿಡ್ಡು ಸಡಿಲಿಸುವ ಡಬ್ಲ್ಯೂಡಿ-40 ಹೊಡೆಯಿರಿ. ಲಿವರ್ ಒತ್ತುತ್ತಾ ಬಿಡುತ್ತಾ ಇರಿ. ಕಂದು ಬಣ್ಣದ ಕೊಳೆ ಇಳಿದು ಬರುತ್ತದೆ. ಒರೆಸಿ, ಮತ್ತೆ ಹೊಡೆಯಿರಿ. ಇಲ್ಲಿ ಅವಸರ ಬೇಡ. ಗೆಳೆಯನ ಶಿಫ್ಟರ್ ತುಂಬ ಹೊತ್ತು ಸತಾಯಿಸಿತು. ಆಮೇಲೆ ಒಂದು ‘ಟಕ್’, ಸ್ವಲ್ಪ ಹೊತ್ತಿಗೆ ಇನ್ನೊಂದು. ಎಲ್ಲ ಗೇರೂ ಕಚ್ಚುವಂತಾದ ಮೇಲೆ ಒಂದೆರಡು ಹನಿ ತೆಳು ಎಣ್ಣೆ ಬಿಡಿ, ಬರೀ ಸ್ಪ್ರೇ ಬೇಗ ಒಣಗಿಹೋಗುತ್ತದೆ. ದಪ್ಪ ಗ್ರೀಸ್ ಮಾತ್ರ ಮತ್ತೆ ತುಂಬಬೇಡಿ. ನಡುವಿನ ನಟ್ಟು ಬಿಚ್ಚುವ ಆಸೆಯೂ ಬೇಡ. ಸ್ಪ್ರಿಂಗ್ ಹಾರಿದರೆ ಜೋಡಿಸುವುದು ಬಹಳ ಕಷ್ಟ. ಡಿಸ್ಕ್ ಬ್ರೇಕ್ ಇದ್ದರೆ ಅದರ ಮೇಲೆ ಬಟ್ಟೆ ಮುಚ್ಚಿ, ಎಣ್ಣೆ ತಾಗಿದರೆ ಬ್ರೇಕ್ ಹಿಡಿಯುವುದಿಲ್ಲ.

ಇದನ್ನೆಲ್ಲ ಮನೆಯಲ್ಲೇ ಮುಗಿಸಿಕೊಂಡು ಹೊರಡುವುದು ಒಳ್ಳೆಯದು, ಅಲ್ವಾ? ಜೊತೆಗೆ ಕೇಬಲ್ಲನ್ನೂ ಬದಲಿಸಿಬಿಡಿ. ಶಿಫ್ಟರಿನೊಳಗೆ ಕೂರುವ ಕೇಬಲ್ಲಿನ ಗುಂಡು ತಲೆಯ ಹತ್ತಿರ ಎಳೆ ಬಿಚ್ಚಿಕೊಂಡಿದ್ದರೆ ಅದು ಇವತ್ತೋ ನಾಳೆಯೋ ತುಂಡಾಗುತ್ತದೆ. ಹೊರಗಿನ ಕವಚಕ್ಕೆ 4 ಮಿ.ಮೀ. ಗೇರ್ ಕವಚವನ್ನೇ ಕೇಳಿ ತೆಗೆದುಕೊಳ್ಳಿ. ಬ್ರೇಕ್ ಕವಚದಲ್ಲಿ ತಂತಿ ಸುರುಳಿ ಸುತ್ತಿರುತ್ತದೆ. ಎಳೆದಾಗ ಅದು ಕುಗ್ಗಿ ಗೇರ್ ಲೆಕ್ಕ ತಪ್ಪುತ್ತದೆ.

ಹೊಸ ಕೇಬಲ್ ಸ್ವಲ್ಪ ಸಡಿಲಾಗುವುದು ಸಹಜ. ದೊಡ್ಡ ಹಲ್ಲುಚಕ್ರಕ್ಕೆ ಚೈನು ಹತ್ತಲು ತಡೆದರೆ, ಕೇಬಲ್ ತುದಿಯ ಹೊಂದಾಣಿಕೆ ತಿರುಪನ್ನು ಎಡಕ್ಕೆ ಅರ್ಧ ಸುತ್ತು ತಿರುಗಿಸಿ ನೋಡಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ, ಜಿಗಣೆ, ಕೆಸರು. ಆ ಕೆಸರು ಹಿಂದಿನ ಡಿರೇಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ) ಬಳಿಯ ಕೇಬಲ್ ತುಂಡಿನೊಳಗೇ ಮೊದಲು ಸೇರುತ್ತದೆ. ಅಕ್ಟೋಬರ್ ನಂತರ ಹೋಗಿ.

ಒಂದು ಕೇಬಲ್, ಅಲೆನ್ ಕೀ, ಸಣ್ಣ ಸ್ಕ್ರೂಡ್ರೈವರ್ ಚೀಲದಲ್ಲಿರಲಿ. ಮಡಿಕೇರಿ–ಭಾಗಮಂಡಲ ದಾರಿಯ ಚೇರಂಬಾಣೆ ಕಡೆ ಕೇಬಲ್ ಹರಿದು, ಬದಲಿಯೂ ಇಲ್ಲದಿದ್ದರೆ ಚೈನು ಅತಿ ಭಾರದ ಗೇರಿಗೆ ಬೀಳುತ್ತದೆ. ಆಗ ಚೈನು ಚಿಕ್ಕ ಹಲ್ಲುಚಕ್ರದ ಕಡೆ ಎಷ್ಟು ಸರಿಯಬಹುದು ಎಂಬುದಕ್ಕೆ ಮಿತಿ ಹಾಕುವ ಡಿರೇಲರಿನ ‘ಎಚ್’ (H) ಸ್ಕ್ರೂ ಬಿಗಿಸಿದರೆ ಒಂದೆರಡು ಗೇರ್ ಹಗುರಾಗಿ ಭಾಗಮಂಡಲ ಮುಟ್ಟಬಹುದು. ಅಲ್ಲಿಂದ ತಲಕಾವೇರಿಗೆ ಸುಮಾರು 8 ಕಿ.ಮೀ. ಏರು. ಅದಕ್ಕೆ ಈ ಉಪಾಯ ಸಾಲದು. ಸೈಕಲ್ ಕೆಳಗೇ ಬಿಟ್ಟು ಜೀಪೋ ಆಟೋನೋ ಹಿಡಿಯಿರಿ.