ಆ ಕಲ್ಲನ್ನು ನೋಡುತ್ತಿರಲಿಲ್ಲವೇ?

ಕಳೆದ ಭಾನುವಾರದಿಂದ ಒಂದು ದೃಶ್ಯ ನನ್ನ ಕಣ್ಣಮುಂದಿನಿಂದ ಸರಿಯುತ್ತಿಲ್ಲ. ಎಪ್ಪತ್ತು ದಾಟಿದ ಹಿರಿಯರೊಬ್ಬರು ತೊಡೆಮಟ್ಟದ ನೀರಿನಲ್ಲಿ ನಿಂತು, ಬಿಲ್ಲಿನಂತೆ ಬಾಗಿದ್ದ ತಮ್ಮ ಗಾಳದ ಕೋಲನ್ನು ಮೀನಿನ ದಿಕ್ಕಿಗೇ ನೇರವಾಗಿ ಚಾಚುತ್ತಾರೆ, ದಾರವನ್ನು ಎಡಗೈಯಲ್ಲಿ ಬಿಗಿಹಿಡಿದು ಒಮ್ಮೆ ಜಗ್ಗುತ್ತಾರೆ, ಅದು ಕಡಿದುಹೋಗುತ್ತದೆ. ಆಮೇಲೆ ಮೀನು ಹೋದ ಕಡೆ ತಿರುಗಿಯೂ ನೋಡದೆ ನನ್ನ ಕಡೆಗೆ ಬರುತ್ತಾರೆ.

ಅಮೆರಿಕದ ಜಾರ್ಜಿಯಾ ರಾಜ್ಯದ ಅಟ್ಲಾಂಟಾ ನಗರದ ಉತ್ತರಕ್ಕೆ ಹರಿಯುವ ಚಟ್ಟಹೂಚಿ ನದಿಯಲ್ಲಿ, ಬ್ಯೂಫರ್ಡ್ ಅಣೆಕಟ್ಟಿನಿಂದ ಕೆಲವು ಮೈಲಿ ಕೆಳಗೆ, ಸೆಟಲ್ಸ್ ಬ್ರಿಜ್ ಎಂಬಲ್ಲಿ ಇದು ನಡೆಯಿತು. ಜಾರ್ಜಿಯಾದ ಬಿಸಿಲಿಗೆ ಇಲ್ಲಿ ತಣ್ಣೀರಿನ ಮೀನಾದ ಟ್ರೌಟ್ ಬದುಕುವ ಮಾತೇ ಇರಲಿಲ್ಲ. 1950ರ ದಶಕದಲ್ಲಿ ಅಣೆಕಟ್ಟು ಮುಗಿದು, ಲೇನಿಯರ್ ಜಲಾಶಯದ ಆಳದ ತಣ್ಣೀರು ವಿದ್ಯುತ್ ಯಂತ್ರಗಳ ಮೂಲಕ ನದಿಗೆ ಬೀಳತೊಡಗಿದ ಮೇಲೆ, ನಡುಬೇಸಿಗೆಯಲ್ಲಿಯೂ ಕಾಲು ಮರಗಟ್ಟಿಸುವ ಹೊಳೆ ಇದಾಯಿತು. ಕಂದು ಟ್ರೌಟ್ ಈಗ ಇಲ್ಲಿಯೇ ಮೊಟ್ಟೆಯಿಟ್ಟು ಮರಿಮಾಡುತ್ತದೆ. 2005ರಿಂದ ಈಚೆಗೆ ಅದನ್ನು ಹೊರಗಿನಿಂದ ತಂದು ಬಿಡುವ ಅಗತ್ಯವೂ ಬಿದ್ದಿಲ್ಲ. ಆದರೆ ಮೀನನ್ನು ಬದುಕಿಸುವ ಅದೇ ನೀರು ಮನುಷ್ಯನಿಗೆ ಅಪಾಯಕಾರಿ. ವಿದ್ಯುತ್ ಬೇಡಿಕೆಯ ಗಂಟೆ ಬಂದಾಗ ದ್ವಾರ ತೆರೆಯುತ್ತದೆ, ಮೊಣಕಾಲಿನಷ್ಟಿದ್ದ ನೀರು ಕೆಲವೇ ನಿಮಿಷಗಳಲ್ಲಿ ಆಳುದ್ದ ದಾಟುತ್ತದೆ. ಅಣೆಕಟ್ಟಿನ ಬಳಿ ಸೈರನ್ ಕೂಗುತ್ತದೆ, ರೇಡಿಯೊದಲ್ಲಿಯೂ ದೂರವಾಣಿಯಲ್ಲಿಯೂ ವೇಳೆಯನ್ನು ಮೊದಲೇ ತಿಳಿಸುತ್ತಾರೆ. ನಾನು ಆ ದಿನದ ವೇಳೆಯನ್ನು ಕೇಳಿ, ಚೀಟಿಯಲ್ಲಿ ಬರೆದು, ಜೇಬಿನಲ್ಲಿ ಇಟ್ಟುಕೊಂಡೇ ನದಿಗೆ ಇಳಿದಿದ್ದೆ.

ತಪ್ಪಿದ್ದು ನನ್ನ ಕೈಗಡಿಯಾರ. ಮಾರ್ಚ್ ತಿಂಗಳ ಎರಡನೆಯ ಭಾನುವಾರ ಅಮೆರಿಕದ ಹೆಚ್ಚಿನ ಕಡೆ ಗಡಿಯಾರಗಳು ಒಂದು ಗಂಟೆ ಮುಂದಕ್ಕೆ ಹೋಗುತ್ತವೆ. ಫೋನು ತಾನಾಗಿಯೇ ತಿದ್ದಿಕೊಂಡಿತ್ತು, ಆದರೆ ಒದ್ದೆಯಾಗದಿರಲೆಂದು ಅದನ್ನು ಕಾರಿನಲ್ಲಿಯೇ ಬಿಟ್ಟಿದ್ದೆ. ತಂದೆಯವರು ಕೊಟ್ಟ ಕೈಗಡಿಯಾರ ಹತ್ತೂಕಾಲು ತೋರಿಸುತ್ತಿತ್ತು, ನಿಜವಾಗಿ ಹನ್ನೊಂದೂಕಾಲು ಆಗಿತ್ತು. ಇನ್ನೂ ಮುಕ್ಕಾಲು ಗಂಟೆ ನಿಶ್ಚಿಂತೆಯಾಗಿ ನಿಲ್ಲಬಹುದೆಂದು ನಾನು ನಂಬಿಕೊಂಡಿದ್ದೆ.

ಮೋಡ ಕವಿದ ಆ ಬೆಳಿಗ್ಗೆ ನೀರಿನ ಮೇಲೆ ಸಣ್ಣ ಹುಳುಗಳು ಏಳುತ್ತಿದ್ದವು. ವಸಂತದ ಆರಂಭದಲ್ಲಿ ಇಲ್ಲಿನ ಟ್ರೌಟ್‌ಗೆ ಮುಖ್ಯ ಆಹಾರವೇ ಅವು. ಅಕ್ಕಿಕಾಳಿಗಿಂತ ಚಿಕ್ಕದಾದ ಗಾಳಕ್ಕೆ ಬೂದು ನೂಲು ಸುತ್ತಿದ ಕೃತಕ ಹುಳುವನ್ನು ಹರಿವಿನಷ್ಟೇ ವೇಗದಲ್ಲಿ, ಒಂದಿಷ್ಟೂ ಎಳೆತವಿಲ್ಲದೆ ತೇಲಿಸಬೇಕು. ಸ್ವಲ್ಪ ಎಳೆದರೂ ಮೀನು ಮುಟ್ಟುವುದಿಲ್ಲ. ಈ ಕೆಲಸದಲ್ಲಿ ಲೋಕ ಮರೆತುಹೋಗುತ್ತದೆ. ಅದಕ್ಕಾಗಿಯೇ ನಾನು ಇದನ್ನು ಪ್ರೀತಿಸುತ್ತೇನೆ, ಅಪಾಯ ಒಳನುಗ್ಗಿದ್ದೂ ಅದರಿಂದಲೇ. ಒಣ ಎಲೆಗಳು, ಒಂದೆರಡು ಕಡ್ಡಿ, ಬಿಳಿ ನೊರೆಯ ತುಣುಕುಗಳು ನನ್ನ ಕಾಲಿನ ಪಕ್ಕದಲ್ಲಿಯೇ ತೇಲಿಹೋದುದನ್ನು ನಾನು ಕಂಡಿದ್ದೆ. ಕಂಡೂ, ನನ್ನ ಹುಳುವಿಗೆ ಅವು ಅಡ್ಡ ಬರುತ್ತಿವೆ ಎಂದಷ್ಟೇ ಬೇಸರಪಟ್ಟಿದ್ದೆ.

ಆ ಹಿರಿಯರನ್ನು ನಾನು ಹಿಂದೆಯೂ ಮೂರು ನಾಲ್ಕು ಬಾರಿ ನೋಡಿದ್ದೆ. ನಮಸ್ಕರಿಸಿದರೆ ತಲೆಯಾಡಿಸುವುದು ಬಿಟ್ಟರೆ ಮಾತಿಲ್ಲ. ಗರ್ವವಿರಬೇಕೆಂದು ತಿಳಿದಿದ್ದೆ. ಒಂದು ಆಧಾರವೂ ಇಲ್ಲದ ನನ್ನ ಈ ತೀರ್ಮಾನದ ಬಗ್ಗೆ ಈಗ ನನಗೆ ನಿಜವಾದ ನಾಚಿಕೆಯಿದೆ. ಅಂದು ಅವರ ಗಾಳಕ್ಕೆ ದೊಡ್ಡ ಮೀನೇ ಬಿದ್ದಿತ್ತು. ಅದು ಎರಡು ಬಾರಿ ನೀರಿನ ಮೇಲೆ ಹೊರಳಿದಾಗ ಬೆಣ್ಣೆಯ ಬಣ್ಣದ ಹೊಟ್ಟೆ ನನಗೇ ಕಾಣಿಸಿತು. ಇದೇ ನದಿಯಲ್ಲಿ 2014ರಲ್ಲಿ ಹಿಡಿದ ಕಂದು ಟ್ರೌಟ್ 9 ಕಿಲೋಗೂ ಹೆಚ್ಚು ತೂಗಿತ್ತು. ಇದು ಅಷ್ಟಿರಲಾರದು, ಆದರೆ ಇಂಥ ಮೀನಿಗಾಗಿ ಜನ ವರ್ಷಗಟ್ಟಲೆ ಕಾಯುತ್ತಾರೆ. ಅವರು ದಾರ ಕಡಿದುಕೊಂಡರು. ನನ್ನ ಹತ್ತಿರ ಬಂದು, ತೋಳು ಹಿಡಿದು, ದಡದ ಕಡೆ ಓರೆಯಾಗಿ ನಡೆಸುತ್ತ ಕೇಳಿದ ಪ್ರಶ್ನೆ ಒಂದೇ: “ನೀವು ಆ ಕಲ್ಲನ್ನು ನೋಡುತ್ತಿರಲಿಲ್ಲವೇ?”

ಯಾವ ಕಲ್ಲು ಎಂಬುದೇ ನನಗೆ ತಿಳಿದಿರಲಿಲ್ಲ. ದಡ ಸೇರುವಷ್ಟರಲ್ಲಿ ನೀರು ನನ್ನ ಸೊಂಟಕ್ಕೆ ಬಂದಿತ್ತು, ಹೆಜ್ಜೆಯಡಿಯ ಜಲ್ಲಿ ಜಾರುತ್ತಿತ್ತು. ಅವರು ಬೆರಳು ತೋರಿದ ಕಡೆ ನೋಡಿದರೆ ಕಲ್ಲೇ ಇರಲಿಲ್ಲ, ಅದು ಮುಳುಗಿದ್ದ ಜಾಗದಲ್ಲಿ ಒಂದು ಸುಳಿ ಮಾತ್ರ ತಿರುಗುತ್ತಿತ್ತು. ನಾನು ಕೃತಜ್ಞತೆ ಹೇಳಿದೆ. ಅದನ್ನು ಕೇಳಿಸಿಕೊಂಡಂತೆಯೇ ತೋರದೆ ಅವರು ಮತ್ತೆ ಅದೇ ಪ್ರಶ್ನೆ ಕೇಳಿದರು, ಈ ಸಲ ಸ್ವಲ್ಪ ಮೆಲ್ಲಗೆ. ಕೆಳಗೆ ಇನ್ನೂ ಇಬ್ಬರು ತರುಣರು ನೀರಿನಲ್ಲಿಯೇ ನಿಂತಿದ್ದರು. ಇವರು ದಡದಗುಂಟ ಓಡುತ್ತ ಅವರನ್ನೂ ಕೂಗಿ ಎಬ್ಬಿಸಿದರು. ಆ ಹುಡುಗರು ಗೊಣಗಿಕೊಂಡೇ ಮೇಲೆ ಬಂದರು. ಒಂದು ಒಳ್ಳೆಯ ಮಾತನ್ನೂ ಆಡದೆ ಹೊರಟುಹೋದದ್ದು ನನಗೆ ಇನ್ನೂ ಚುಚ್ಚುತ್ತಿದೆ.

ಆ ಪ್ರಶ್ನೆ ನನ್ನನ್ನು ಹೀಗೆ ಹಿಡಿದುಕೊಂಡಿರುವುದಕ್ಕೆ ಕಾರಣವಿದೆ. ನನ್ನ ತಾತ ಮಂಡ್ಯದ ಕಡೆ ವಿಶ್ವೇಶ್ವರಯ್ಯ ನಾಲೆಯ ತೂಬುಗಳನ್ನು ಕಾಯುತ್ತಿದ್ದ ನೀರುಗಂಟಿ. ಕನ್ನಂಬಾಡಿಯಲ್ಲಿ ನೀರು ಬಿಟ್ಟರೆ ನಮ್ಮೂರಿಗೆ ಯಾವಾಗ ಬಂದೀತೆಂದು ಕೇಳಿದವರಿಗೆ ಅವರು ಗಂಟೆಯ ಲೆಕ್ಕ ಹೇಳುತ್ತಿರಲಿಲ್ಲ. ನಾಲೆಯ ಅಂಚಿನ ಕೆಸರಿನಲ್ಲಿ ಒಂದು ಕಡ್ಡಿ ನೆಟ್ಟು, ಕುಕ್ಕರಗಾಲಿನಲ್ಲಿ ಕುಳಿತು ನೋಡುತ್ತಿದ್ದರು. ನಾಲೆಯಲ್ಲಿ ಈಜಲು ಇಳಿದ ನಮ್ಮನ್ನು ಗದರಿಸಿ ಮೇಲಕ್ಕೆ ಕರೆಯುವಾಗ, “ನೀರು ಬರೋಕೆ ಮುಂಚೆ ಕಸ ಬತ್ತದೆ ಕಣ್ಲಾ, ಕಣ್ಣು ಬುಟ್ಕೊಂಡು ನೋಡು” ಎನ್ನುತ್ತಿದ್ದರು. ಏರುವ ನೀರು ಮೊದಲು ದಂಡೆಯ ಒಣ ಎಲೆ, ಕಡ್ಡಿಗಳನ್ನು ಎತ್ತಿಕೊಂಡು ಬರುತ್ತದೆ. ಆ ಮಾತನ್ನು ನಾನು ಹತ್ತು ವರ್ಷದವನಿದ್ದಾಗಲೇ ಕಲಿತಿದ್ದೆ. ಐವತ್ತರ ಹತ್ತಿರ ಬಂದ ಮೇಲೆ, ಕಣ್ಣಮುಂದೆಯೇ ಕಸ ತೇಲಿಹೋಗುತ್ತಿದ್ದರೂ ಓದಲಾರದವನಾಗಿದ್ದೆ. ಚೀಟಿಯಲ್ಲಿ ಬರೆದುಕೊಂಡ ಮೇಲೆ ನೋಡುವ ಕೆಲಸ ಮುಗಿಯಿತೆಂದು ನನ್ನೊಳಗಿನ ಯಾರೋ ತೀರ್ಮಾನಿಸಿಬಿಟ್ಟಿದ್ದರು. ಕಾವೇರಿಯ ದಂಡೆಯಲ್ಲಿ ನೀರು ಏರಿ ನಡುಗಡ್ಡೆಯಲ್ಲಿ ಸಿಕ್ಕಿಕೊಂಡವರ ಸುದ್ದಿ ಬಂದಾಗಲೆಲ್ಲ, ಎಚ್ಚರಿಕೆ ಕೊಟ್ಟಿದ್ದರೂ ಏಕೆ ಇಳಿದರು ಎಂದು ನಾನು ಸುಲಭವಾಗಿ ಕೇಳುತ್ತಿದ್ದೆ. ಇನ್ನು ಹಾಗೆ ಕೇಳಲಾರೆ. ಎಚ್ಚರಿಕೆ ನನ್ನ ಜೇಬಿನಲ್ಲಿಯೇ ಇತ್ತು.

ಆ ಹಿರಿಯರು ಮಾತ್ರ ದೊಡ್ಡ ಮೀನಿನೊಡನೆ ಸೆಣಸುತ್ತಿದ್ದಾಗಲೂ ಕಲ್ಲಿನಿಂದ ಕಣ್ಣು ತೆಗೆದಿರಲಿಲ್ಲ. ಕಲ್ಲಿನ ಜೊತೆಗೆ, ಹೆಸರೂ ಗೊತ್ತಿಲ್ಲದ ನನ್ನ ಮೇಲೆಯೂ ಒಂದು ಕಣ್ಣಿಟ್ಟಿದ್ದರು.

ನಿನ್ನೆ ಸಂಜೆ ಕೆಲಸ ಮುಗಿಸಿ ಅಲ್ಲಿಗೆ ಮತ್ತೆ ಹೋದೆ. ನೀರು ಇಳಿದಿತ್ತು. ಕಲ್ಲು ಎಮ್ಮೆಯ ಬೆನ್ನಿನಷ್ಟು ಅಗಲವಿದೆ. ಬುಡಕ್ಕೆ ಹಸಿರು ಪಾಚಿ, ಅದರ ಮೇಲೆ ಒಂದು ಗೇಣು ಕಪ್ಪು ಪಟ್ಟೆ, ನೆತ್ತಿ ಬೆಳ್ಳಗೆ ಒಣಗಿತ್ತು. ಇಷ್ಟು ದೊಡ್ಡದನ್ನು ಇಷ್ಟು ದಿನ ಹೇಗೆ ಕಾಣದೆ ಹೋದೆನೋ ತಿಳಿಯದು. ಹಿರಿಯರು ಬಂದಿರಲಿಲ್ಲ. ನೀರು ಪಾಚಿಯ ಯಾವ ಗೆರೆಯವರೆಗಿದೆ ಎಂದು ನೋಡಿಕೊಂಡು, ಅದು ಸದಾ ಬಲಗಣ್ಣಿನ ಅಂಚಿನಲ್ಲಿರುವಂತೆ ನಿಲ್ಲುವ ಜಾಗ ಹುಡುಕಿಕೊಂಡು, ಆಮೇಲೆ ದಾರ ಬೀಸಿದೆ.